ಡ್ಯಾಕ್ ಚಿಪ್ ಆಮೇಲೆ, ಮೊದಲು ಟ್ರೇ ನೋಡಿ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಮನೆಯಲ್ಲಿ ಮುನ್ನೂರು ಸಿಡಿ ಇವೆ, ಇಷ್ಟು ದಿನ ಡಿವಿಡಿ ಪ್ಲೇಯರ್‌ನಲ್ಲೇ ಕೇಳುತ್ತಿದ್ದಿರಿ, ಈಗ ಮಧ್ಯಮ ಬೆಲೆಯ ಹೈ-ಫೈ ಸಿಡಿ ಪ್ಲೇಯರ್ ಕೊಳ್ಳುವ ಆಸೆ. ಸೌಂಡ್‌ನಲ್ಲಿ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತದಾ? ಯಾವ ಡ್ಯಾಕ್ ಚಿಪ್ (ಸಿಡಿಯ ಡಿಜಿಟಲ್ ಅಂಕಿಗಳನ್ನು ಸದ್ದಿನ ಸಿಗ್ನಲ್ ಆಗಿ ಬದಲಾಯಿಸುವ ಚಿಪ್) ಇರುವುದು ಒಳ್ಳೆಯದು?

ಎರಡು ವರ್ಷದ ಹಿಂದೆ ನಾನೂ ಇದೇ ಗೊಂದಲದಲ್ಲಿದ್ದೆ. ಕೊನೆಗೆ ಒಂದನ್ನು ಕೊಂಡೆ. ಇವತ್ತಿಗೂ ಖುಷಿಯಾಗಿದ್ದೇನೆ, ಆದರೆ ನಾನು ಅಂದುಕೊಂಡ ಕಾರಣಕ್ಕಲ್ಲ.

ಬಂದ ದಿನವೇ ಹಳೆಯ ಡಿವಿಡಿ ಪ್ಲೇಯರನ್ನೂ ಹೊಸದನ್ನೂ ಒಂದೇ ಆಂಪ್ಲಿಫೈಯರ್‌ಗೆ ಜೋಡಿಸಿದೆ. ಒಂದೇ ಕೊಳಲಿನ ಸಿಡಿಯ ಎರಡು ಪ್ರತಿ. ಒಂದು ನನ್ನದು, ಇನ್ನೊಂದು ಗೆಳೆಯನದು. ಹೊಸದರಲ್ಲಿ ಕೊಳಲು ಊದುವವರ ಉಸಿರು ಕೂಡ ಕೇಳುತ್ತಿದೆ ಅನ್ನಿಸಿ ಕುಣಿದಾಡಿದೆ. ಆಮೇಲೆ ಯಾಕೋ ಅನುಮಾನ ಬಂತು. ಒಂದೇ ಮಟ್ಟದ ಟೆಸ್ಟ್ ಟೋನ್ ಹಾಕಿ, ಸ್ಪೀಕರ್ ತಂತಿಗೆ ಮಲ್ಟಿಮೀಟರ್ ಹಿಡಿದೆ. ಹೊಸ ಪ್ಲೇಯರ್ ಸ್ವಲ್ಪ ಜಾಸ್ತಿ ವೋಲ್ಟೇಜ್ ಕೊಡುತ್ತಿತ್ತು, ಅಂದರೆ ಸ್ವಲ್ಪ ಜೋರಾಗಿ ಹಾಡುತ್ತಿತ್ತು. ನಮ್ಮ ಕಿವಿಗೆ ಒಂದು ಚೂರು ಜೋರಾದರೂ ಸಾಕು, ಅದೇ ಚೆನ್ನಾಗಿದೆ ಅನ್ನುತ್ತದೆ. ಎರಡನ್ನೂ ಸರಿಸಮ ಮಾಡಿ, ನನಗೆ ಕಾಣದ ಹಾಗೆ ಬದಲಾಯಿಸು ಅಂತ ಹೆಂಡತಿಗೆ ಹೇಳಿದೆ. ಹತ್ತು ಸಲದಲ್ಲಿ ಆರು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಇದರಲ್ಲಿ ಆಶ್ಚರ್ಯ ಏನಿಲ್ಲ. ಸಿಡಿಯಲ್ಲಿ ಇರುವುದು ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಳತೆ, ಒಂದೊಂದೂ 16 ಬಿಟ್. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗಿನಿಂದ ಈ ಲೆಕ್ಕ ಬದಲಾಗಿಲ್ಲ. ಈಗಿನ ಯಾವ ಸಾಧಾರಣ ಡ್ಯಾಕ್ ಚಿಪ್ಪಿಗೂ ಅದು ನೀರು ಕುಡಿದಷ್ಟು ಸುಲಭ. ಪೆಟ್ಟಿಗೆಯ ಮೇಲೆ 32 ಬಿಟ್ ಅಂತ ಬರೆದ ಮಾತ್ರಕ್ಕೆ ಡಿಸ್ಕಿನಲ್ಲಿ ಇಲ್ಲದ್ದು ಹುಟ್ಟಿಕೊಳ್ಳುವುದಿಲ್ಲ. ಸೌಂಡ್ ಬದಲಾಗಬೇಕು ಅನ್ನುವುದೇ ಆಸೆಯಾದರೆ ಆ ದುಡ್ಡನ್ನು ಸ್ಪೀಕರ್‌ಗೆ ಹಾಕಿ.

ಹಾಗಾದರೆ ನನಗೇಕೆ ಖುಷಿ? ಹಳೆಯದರಲ್ಲಿ ಐದನೇ ಹಾಡು ಹಾಕಬೇಕಾದರೆ ಟಿವಿ ಆನ್ ಮಾಡಬೇಕಿತ್ತು. ಹಾಡು ಕೇಳಲು ಟಿವಿ! ಇನ್ನೊಂದು, ಸಂಗೀತ ಕಚೇರಿಯ ಲೈವ್ ರೆಕಾರ್ಡಿಂಗ್ ಹಾಕಿದರೆ ಎರಡು ಟ್ರ್ಯಾಕ್ ನಡುವೆ ಚಪ್ಪಾಳೆಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಅರೆಕ್ಷಣ ಮೌನ. ಹೊಸದರಲ್ಲಿ ಚಪ್ಪಾಳೆ ಚಪ್ಪಾಳೆಯಾಗಿಯೇ ಮುಂದುವರಿಯುತ್ತದೆ. ನಂಬರ್ ಒತ್ತಿದರೆ ಹಾಡು ಬರುತ್ತದೆ. ನಾನು ದುಡ್ಡು ಕೊಟ್ಟಿದ್ದು ಇದಕ್ಕೆ ಅಂತ ಈಗ ಅನ್ನಿಸುತ್ತದೆ.

ಆದ್ದರಿಂದ ಅಂಗಡಿಗೆ ಹೋದಾಗ ಚಿಪ್ ಹೆಸರು ಕೇಳಬೇಡಿ, ಯಂತ್ರವನ್ನು ನೋಡಿ. ಮೆಲ್ಲಗೆ ಶುರುವಾಗುವ ಒಂದು ಸಿಡಿ ಒಯ್ದು ಮೊದಲನೇ ಟ್ರ್ಯಾಕನ್ನೇ ಹಾಕಿಸಿ, ಪ್ಲೇಯರ್ ಹತ್ತಿರ ಕಿವಿ ಇಡಿ. ಸಿಡಿ ಓದುವುದು ಒಳಗಿನಿಂದ ಹೊರಕ್ಕೆ. ಶುರುವಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವ ಹೊತ್ತಿಗೆ ಸುಮಾರು 200. ಹಾಗಾಗಿ ಗುಂಯ್‌ಗುಟ್ಟುವ ಯಂತ್ರ ಮೊದಲ ಹಾಡಿನಲ್ಲೇ ಸಿಕ್ಕಿಬೀಳುತ್ತದೆ. ಟ್ರೇ ಅಲ್ಲಾಡುತ್ತದಾ, ಒಳಗೆ ಹೋಗುವಾಗ ಕೀರಲು ಸದ್ದು ಬರುತ್ತದಾ ನೋಡಿ.

ನಿಮ್ಮ ಹತ್ತಿರ ಇರುವುದರಲ್ಲೇ ಅತಿ ಕೆಟ್ಟ ಸಿಡಿಯನ್ನೂ ಒಯ್ಯಿರಿ. ಗೀರು ಬಿದ್ದರೂ ಸಿಡಿ ಹಾಡುವುದು ಅದರಲ್ಲೇ ಅಡಗಿರುವ ತಪ್ಪು ತಿದ್ದುವ ಲೆಕ್ಕದಿಂದ. ಟ್ರ್ಯಾಕ್ ಉದ್ದಕ್ಕೂ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಪೂರ್ತಿ ವಾಪಸ್ ತರಬಲ್ಲದು. ಅದಕ್ಕಿಂತ ಉದ್ದ ಆದರೆ ಅಕ್ಕಪಕ್ಕ ನೋಡಿ ಊಹಿಸುತ್ತದೆ, ಅದೂ ಆಗದಿದ್ದರೆ ಟಿಕ್ ಅನ್ನುತ್ತದೆ. ಸಿಡಿಯನ್ನು ಗುಂಡಗೆ ಒರೆಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು ಅನ್ನುವುದೂ ಇದಕ್ಕೇ: ಗುಂಡಗೆ ಒರೆಸಿದರೆ ಬೀಳುವ ಗೀರು ಟ್ರ್ಯಾಕ್ ಉದ್ದಕ್ಕೇ ಹೋಗುತ್ತದೆ. ಒಂದೇ ಗೀರನ್ನು ಒಂದು ಯಂತ್ರ ದಾಟುತ್ತದೆ, ಇನ್ನೊಂದು ಅಲ್ಲೇ ಮುಗ್ಗರಿಸುತ್ತದೆ. ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕ್ ಇದ್ದರೆ ಅದನ್ನೂ ಹಾಕಿ ನೋಡಿ. ರಿರೈಟಬಲ್ ಡಿಸ್ಕ್ ಅಂತೂ ಬೆಳಕನ್ನು ತೀರಾ ಕಡಿಮೆ ಹಿಂತಿರುಗಿಸುತ್ತದೆ, ಕೆಲವು ಪ್ಲೇಯರ್‌ಗಳು ಅದನ್ನು ಡಿಸ್ಕ್ ಅಂತಲೇ ಒಪ್ಪುವುದಿಲ್ಲ.

ಕೊಳ್ಳುವ ಮೊದಲು ನಿಮ್ಮ ಆಂಪ್ಲಿಫೈಯರ್ ಹಿಂಬದಿ ಒಮ್ಮೆ ನೋಡಿ. ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಅನ್ನುವ ಡಿಜಿಟಲ್ ಇನ್‌ಪುಟ್ ಇದ್ದರೆ ಅದರೊಳಗೆ ಡ್ಯಾಕ್ ಇದ್ದೇ ಇರುತ್ತದೆ. ಇನ್ನೊಂದು ಡ್ಯಾಕಿಗೆ ಸುಮ್ನೆ ಯಾಕೆ ದುಡ್ಡು? ಟ್ರಾನ್ಸ್‌ಪೋರ್ಟ್ ಸಾಕು. ಕೇಂಬ್ರಿಡ್ಜ್ ಆಡಿಯೋದ ಸಿಎಕ್ಸ್‌ಸಿ, ಆಡಿಯೋಲ್ಯಾಬ್ 6000ಸಿಡಿಟಿ ಈ ಜಾತಿಯವು. ಡಿಸ್ಕ್ ಓದಿ ಡಿಜಿಟಲ್ ಸಿಗ್ನಲ್ ಮಾತ್ರ ಹೊರಗೆ ಕಳಿಸುತ್ತವೆ. ಇನ್‌ಪುಟ್ ಇಲ್ಲದಿದ್ದರೆ ಮರಾಂಟ್ಜ್ ಸಿಡಿ6007, ಯಮಾಹಾ ಸಿಡಿ-ಎಸ್303 ತರಹದ ಪೂರ್ತಿ ಪ್ಲೇಯರ್ ಬೇಕು. ಜೋಡಿಸುವಾಗ ಫೋನೋ ಅಂತ ಬರೆದಿರುವ ಕಿಂಡಿಗೆ ಮಾತ್ರ ಚುಚ್ಚಬೇಡಿ. ಅದು ರೆಕಾರ್ಡ್ ಪ್ಲೇಯರ್‌ನ ಕೆಲವೇ ಮಿಲಿವೋಲ್ಟ್‌ಗೆ ಇರುವುದು, ಸಿಡಿ ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್.

ಲೆನ್ಸ್, ಲೇಸರ್ ಇರುವ ಪಿಕಪ್ ಸವೆಯುವ ಭಾಗ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಅಂತ ಕೇಳಿಯೇ ದುಡ್ಡು ಕೊಡಿ. ನಿಮ್ಮ ಆಂಪ್ಲಿಫೈಯರ್ ಯಾವುದು ಅಂತ ಬರೆದರೆ, ಟ್ರಾನ್ಸ್‌ಪೋರ್ಟ್ ಸಾಕಾ ಅಥವಾ ಪ್ಲೇಯರೇ ಬೇಕಾ ಹೇಳುತ್ತೇನೆ.