22 ವರ್ಷ ಪಾಠ ಮಾಡಿದ್ದಕ್ಕೆ ಏನು ಸಿಕ್ಕಿತು?

ಮೇಡಂ, 22 ವರ್ಷ ಅದೇ ಮೂರನೇ ಕ್ಲಾಸಿಗೆ ಅದೇ ಮಗ್ಗಿ ಹೇಳಿಕೊಟ್ಟು ಏನು ಸಾಧಿಸಿದೆ ಅಂತ ಕೇಳಿದ್ದೀರಿ. ರಾಯಚೂರು ಕಡೆಯ ಹಳ್ಳಿ ಶಾಲೆಯಲ್ಲಿ 34 ವರ್ಷ ಇದ್ದ ನನಗೂ ಎಷ್ಟೋ ಸಲ ಹಾಗೇ ಅನಿಸಿತ್ತು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಬರುವ ಮೊದಲು, ಮಧ್ಯಾಹ್ನದ ಬೆಲ್ ಹೊಡೆದರೆ ಅರ್ಧ ಕ್ಲಾಸು ಖಾಲಿ. ಹೊಲಕ್ಕೆ ಹೋದವರು ವಾಪಸ್ ಬರುತ್ತಿರಲಿಲ್ಲ. ಉಳಿದವರಿಗೇ ಕಲಿಸುತ್ತಿದ್ದೆ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಬಂದು, "ಸರ, ಕೈ ಹಿಡಿದು 'ಳ' ಬರೆಸಿದ್ರಿ, ನೆನಪೈತೇನ್ರಿ?" ಅಂದಳು. ನೆನಪಿರಲಿಲ್ಲ. ಅವಳ ಮಗಳ ಚೀಲದ ಮೇಲೆ ಹೆಸರು ಬರೆದಿತ್ತು. ಅಮ್ಮನ ಕೈಬರಹವೇ, ದುಂಡಗೆ. ಸುಮ್ನೆ ನೋಡುತ್ತ ನಿಂತೆ.

ಶಾಲೆಯ ಬೀರುವಿನಲ್ಲಿ ಹಳೇ ಹಾಜರಿ ಪುಸ್ತಕ ಇರುತ್ತವೆ, ಅಲ್ವಾ? ಒಂದನ್ನು ತೆಗೆದು ನಿಧಾನವಾಗಿ ಹೆಸರು ಓದಿ. ಆಮೇಲೆ ಇಲ್ಲಿ ಬಂದು ಬರೆಯಿರಿ, ಕಾಯುತ್ತೇನೆ.