ನೆಗೆಟಿವ್ ಕಂಟ್ರೋಲ್‌ನಲ್ಲಿ ಬಂದ ಬ್ಯಾಂಡ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಲು ನಮ್ಮಲ್ಲಿಗೆ ಬಂದವರು 31ರ ವೈದ್ಯೆ. ಚರ್ಮರೋಗದಲ್ಲಿ ಎಂ.ಡಿ. ಮುಗಿದು ಎರಡು ವರ್ಷ. ಉತ್ತರ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಕೆಲಸ. ಪ್ರಶ್ನೆ ನೇರವಾಗಿತ್ತು: ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್‌.ಡಿ. ಸೇರಲೋ, ಸಂಶೋಧನೆಯ ಆಸೆಯನ್ನೇ ಬಿಡಲೋ?

ಯಾಕೆ ಈಗ ಎಂದು ಕೇಳಿದಾಗ ಮೊಬೈಲ್ ತೆಗೆದು ಒಂದು ಜೆಲ್ ಚಿತ್ರ (ಡಿಎನ್‌ಎ ತುಣುಕುಗಳು ಗೆರೆಗಳಾಗಿ, ಅಂದರೆ ಬ್ಯಾಂಡ್‌ಗಳಾಗಿ ಕಾಣುವ ಫೋಟೊ) ತೋರಿಸಿದರು. ಹತ್ತು ಲೇನ್, ಹತ್ತರಲ್ಲೂ ಒಂದೇ ಹೊಳಪಿನ ಬ್ಯಾಂಡ್. ಕೊನೆಯ ಲೇನ್‌ಗೆ ಹಾಕಿದ್ದು ಡಿಎನ್‌ಎ ಇಲ್ಲದ ಬರೀ ನೀರು. ಅದೇ ನೆಗೆಟಿವ್ ಕಂಟ್ರೋಲ್, ಅಲ್ಲಿ ಬ್ಯಾಂಡ್ ಬರಲೇಬಾರದು. 'ಆರು ತಿಂಗಳಿಂದ ಹೀಗೇ. ನನ್ನ ಕೈಗೆ ಇದು ಒಗ್ಗಲ್ಲ ಅನ್ಸುತ್ತೆ.'

ಅವರು ಹಿಡಿದಿದ್ದ ವಿಷಯ ಮಾತ್ರ ಚಿನ್ನದಂಥದ್ದು: ಹುಳುಕಡ್ಡಿ. ನಮ್ಮ ಒಪಿಡಿಗಳಲ್ಲಿ ಔಷಧಕ್ಕೆ ಜಗ್ಗದೆ ಮರಳುತ್ತಿರುವ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂಬ ಹೆಸರು ಬಂತು. ಇದಕ್ಕೆ ಕೊಡುವ ಟರ್ಬಿನಫಿನ್ ಎಂಬ ಔಷಧ ತಡೆಯುವುದು ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು. ಆ ಕಿಣ್ವದ 397ನೇ ಸ್ಥಾನದಲ್ಲಿ ಫೀನೈಲ್‌ಅಲನಿನ್ ಎಂಬ ಅಮೈನೊ ಆಮ್ಲ ಹೋಗಿ ಲ್ಯೂಸಿನ್ ಬಂದರೆ ಮಾತ್ರೆ ಬಹುಮಟ್ಟಿಗೆ ನಾಟುವುದಿಲ್ಲ. ಇದನ್ನು ಹುಡುಕಲು ಬೇಕಾದ ರೋಗಿಗಳು ಇವರ ಮೇಜಿನ ಮುಂದೆಯೇ ಸಾಲುಗಟ್ಟಿದ್ದಾರೆ. ಪ್ರಯೋಗಾಲಯದಲ್ಲೇ ಇರುವ ವಿಜ್ಞಾನಿಗೆ ಆ ಸಾಲು ಸಿಗುವುದಿಲ್ಲ.

ಮೊದಲ ಭೇಟಿಯ ಅರ್ಧ ಹೊತ್ತು ಆ ಜೆಲ್‌ಗೇ ಹೋಯಿತು. ನೀರಿನ ಲೇನ್‌ನಲ್ಲಿ ಬ್ಯಾಂಡ್ ಬಂದರೆ ಅದು ಹಳೆಯ ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಉತ್ಪನ್ನದ ಹನಿಗಳ ಕೆಲಸವಿರಬೇಕು, ಕೈಗುಣದ ಮಾತಲ್ಲ. ವಿಚಾರಿಸಿದರೆ, ಜೆಲ್‌ಗೆ ಸುರಿಯುವ ಪೈಪೆಟ್ಟಿನಿಂದಲೇ ಮಾಸ್ಟರ್ ಮಿಕ್ಸ್ (ಡಿಎನ್‌ಎ ಬಿಟ್ಟು ಪಿಸಿಆರ್‌ಗೆ ಬೇಕಾದ ಉಳಿದದ್ದರ ಮಿಶ್ರಣ) ಮಾಡುತ್ತಿದ್ದರು, ಅದೂ ಒಂದೇ ಮೇಜಿನ ಮೇಲೆ. ಹೇಳಿದ್ದು ಇಷ್ಟು: ಪಿಸಿಆರ್‌ಗೆ ಮುಂಚಿನ ಕೆಲಸಕ್ಕೆ ಬೇರೆ ಕೋಣೆ, ಬೇರೆ ಪೈಪೆಟ್, ಬೇರೆ ಕೋಟು, ಫಿಲ್ಟರ್ ಟಿಪ್, ಪ್ರೈಮರ್ ಮತ್ತು ನೀರು ಹೊಸದಾಗಿ ತಂದು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿಡುವುದು, ಮೇಜಿಗೆ ಶೇ. 10ರ ಬ್ಲೀಚ್, ಆಮೇಲೆ ನೀರಿನಿಂದ ಒರೆಸುವುದು. ಮಾಸ್ಟರ್ ಮಿಕ್ಸ್ ಪೂರ್ತಿ ಹಂಚಿದ ಮೇಲೆಯೇ ಡಿಎನ್‌ಎ ಟ್ಯೂಬ್ ತೆರೆಯಬೇಕು. ಡಿಎನ್‌ಎ ತೆಗೆಯುವಾಗಲೂ ಬರೀ ಬಫರಿನ ಒಂದು ಟ್ಯೂಬನ್ನು ಸ್ಯಾಂಪಲ್‌ಗಳ ಜೊತೆಗೇ ಸಾಗಿಸಬೇಕು. ಇಲ್ಲದಿದ್ದರೆ ಕಲಬೆರಕೆ ಎಲ್ಲಿ ಸೇರಿತೆಂದು ಗೊತ್ತಾಗುವುದೇ ಇಲ್ಲ.

ಕಲ್ಚರ್ ಕಡೆಯೂ ಎಡವಟ್ಟಿತ್ತು. ಶಿಲೀಂಧ್ರ ಬೆಳೆಸುವ ಓರೆ ಅಗರಿನ ಟ್ಯೂಬುಗಳಲ್ಲಿ, ಅಂದರೆ ಸ್ಲ್ಯಾಂಟ್‌ಗಳಲ್ಲಿ, ಅರ್ಧಕ್ಕರ್ಧದಲ್ಲಿ ಏನೂ ಬೆಳೆದಿರಲಿಲ್ಲ. ರೋಗಿಗಳು ಹಿಂದಿನ ದಿನದವರೆಗೂ ಮುಲಾಮು ಬಳಿದು ಬಂದವರು, ಕೆರೆದದ್ದು ಕಲೆಯ ನಡುವಿನಿಂದ. ಶಿಲೀಂಧ್ರ ಜೀವಂತವಾಗಿರುವುದು ಕೆಂಪಾಗಿ ಉಬ್ಬಿದ ಅಂಚಿನಲ್ಲಿ. ಶೇ. 70ರ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಅಂಚನ್ನು ಕೆರೆದು ಕಪ್ಪು ಕಾಗದದಲ್ಲಿ ಮಡಚಿಡಬೇಕು. ಸೈಕ್ಲೊಹೆಕ್ಸಿಮೈಡ್ ಬೆರೆತ ಸಬುರೋ ಅಗರ್ ಎಂಬ ಬೆಳೆಸುವ ಮಾಧ್ಯಮದ ಮೇಲೆ 28 ಡಿಗ್ರಿಯಲ್ಲಿ ನಾಲ್ಕು ವಾರ ಕಾಯದೆ ಎಸೆಯಬಾರದು.

ಕಷ್ಟದ ಮಾತೊಂದನ್ನೂ ಆಡಬೇಕಾಯಿತು. ನಲವತ್ತು ಸ್ಯಾಂಪಲ್‌ಗಳನ್ನು ನೈತಿಕ ಸಮಿತಿಯ ಅನುಮತಿ ಬರುವ ಮೊದಲೇ ಸಂಶೋಧನೆಗೆಂದು ಕೂಡಿಟ್ಟಿದ್ದರು. ಅಧ್ಯಯನ ಮುಗಿಸಿ ಅನುಮತಿ ಕೇಳುವ ದಾರಿ ಇಲ್ಲ. ಮುಚ್ಚಿಡದೆ ಸಮಿತಿಯ ಮುಂದೆ ಹೇಳಿ, ಹೊಸ ಒಪ್ಪಿಗೆ ಪತ್ರದೊಂದಿಗೆ ಮೊದಲಿನಿಂದ ಸಂಗ್ರಹಿಸಿ ಎಂದೆವು. ಅವರಿಗೆ ಬೇಸರವಾಯಿತು, ಆಗಬೇಕಾದದ್ದೇ.

ಪಿಎಚ್‌.ಡಿ. ವಿಚಾರಕ್ಕೆ ಬಂದರೆ, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) 2023ರ ದರದಂತೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಮನೆಸಾಲ ಹೊತ್ತು, ಸಣ್ಣ ಮಗುವಿನೊಂದಿಗೆ ಐದು ವರ್ಷ ಇದರಲ್ಲಿ ಕಳೆಯಬಲ್ಲಿರಾ ಎಂಬುದನ್ನು ಪತಿಯೊಂದಿಗೆ ಕೂತು, ಕಾಗದದ ಮೇಲೆ ಬರೆದು ನೋಡಲು ಹೇಳಿದೆವು. ಚರ್ಮದ ಕಾಂಡಕೋಶ ಹೇಗೆ ವರ್ತಿಸುತ್ತದೆ ಎಂಬಂಥ ಮೂಲ ಪ್ರಶ್ನೆ ಕಾಡುತ್ತಿದ್ದರೆ ಪಿಎಚ್‌.ಡಿ. ಬೇಕು, ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಕಾಂಡಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ಗೆ ಹೋಗಿ ಮಾತಾಡಿ ಬರಬಹುದು. ಔಷಧ ಯಾಕೆ ಸೋಲುತ್ತಿದೆ ಎಂಬ ಪ್ರಶ್ನೆಗೆ ಬಿಳಿ ಕೋಟು ಬಿಡಬೇಕಿಲ್ಲ. ನಿಜಕ್ಕೂ ಅಲ್ಲಿ ಜೀನ್ ಹೇಳುವುದು ಅರ್ಧ ಕಥೆ. ಅಂಗಡಿಯಿಂದ ತಂದ ಸ್ಟಿರಾಯ್ಡ್ ಮಿಶ್ರಿತ ಮುಲಾಮಿನ ಕಥೆ ರೋಗಿಯನ್ನು ಕೂರಿಸಿ ಕೇಳುವವರಿಗೇ ಸಿಗುವುದು. ಸೀಕ್ವೆನ್ಸಿಂಗ್ ಹೊರಗೆ ಮಾಡಿಸಬಹುದು. ಜೀವವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್‌ನಲ್ಲಿ ವೈದ್ಯರಿಗೆಂದೇ ಫೆಲೋಶಿಪ್‌ಗಳಿವೆ, ಆದರೆ ಅರ್ಜಿಯ ಜೊತೆ ಒಂದಿಷ್ಟು ಸ್ವಂತ ದತ್ತಾಂಶವಿದ್ದರೆ ಮಾತಿಗೆ ತೂಕ.

ಕೊನೆಗೆ ಒಪ್ಪಿದ್ದು: ಆರು ತಿಂಗಳು ರಾಜೀನಾಮೆಯ ಮಾತಿಲ್ಲ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಒಪಿಡಿಯಿಂದ ಬಿಡುವು ಬೇಕೆಂದು ಮುಖ್ಯಸ್ಥರಿಗೆ ಲಿಖಿತ ಮನವಿ. ಬಾಯಿಮಾತಿನ ಬಿಡುವು ಎರಡನೇ ವಾರಕ್ಕೇ ಕರಗುತ್ತದೆ. ಜೊತೆ ಕೆಲಸ ಮಾಡುವ ಮೈಕ್ರೋಬಯಾಲಜಿಯವರೊಂದಿಗೆ ಲೇಖಕರ ಕ್ರಮದ ಮಾತು ಮೊದಲೇ, ಇಮೇಲ್‌ನಲ್ಲಿ.

ಮೂರು ತಿಂಗಳ ಮೇಲೆ ಮತ್ತೆ ಬಂದರು. ಮನವಿಗೆ ಒಂದೇ ಮಧ್ಯಾಹ್ನ ಮಂಜೂರಾಗಿತ್ತು. ಹೊಸ ಜೆಲ್ ಚಿತ್ರದಲ್ಲಿ ಏಳು ಬ್ಯಾಂಡ್, ಎರಡು ಮಸುಕು, ಕೊನೆಯ ಲೇನ್ ಕಪ್ಪು. ಪಿಎಚ್‌.ಡಿ. ಬಗ್ಗೆ ಅಂದು ಅವರು ಕೇಳಲಿಲ್ಲ. ಆ ಎರಡು ಯಾಕೆ ಮಸುಕಾದವು ಎಂದು ಕೇಳಿದರು.