ನೀರು ಮುಟ್ಟಿ ನೋಡಲಿ

ಬೆಂಗಳೂರಿನ ಲೂಥರನ್ ಸಭೆಯೊಂದರ ಸಂಡೇ ಸ್ಕೂಲ್ ಟೀಚರ್ ಬರೆದಿದ್ದಾರೆ: "ಮೇಣದ ಬತ್ತಿ, ಬಲಿಪೀಠದ ಬಣ್ಣದ ಬಟ್ಟೆ, ಶಿಲುಬೆ ಗುರುತು ಇವೆಲ್ಲ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ದೇವರ ವಾಕ್ಯ ಒಂದಿದ್ದರೆ ಸಾಲದೇ ಅಂತ ಹಿರಿಯರೂ ಕೇಳುತ್ತಾರೆ. ಹೇಗೆ ಹೇಳಿಕೊಡಲಿ?"

ಪ್ರಿಯ ಸಹೋದರಿ,

ಹಿರಿಯರ ಪ್ರಶ್ನೆ ಹಳೆಯದೇ. 1522ರ ಶುರುವಿನಲ್ಲಿ ಜರ್ಮನಿಯ ವಿಟನ್‌ಬರ್ಗಿನ ಜನ ಇದೇ ಹುರುಪಿನಲ್ಲಿ ಚರ್ಚಿನ ಪ್ರತಿಮೆಗಳನ್ನು ಒಡೆದುಹಾಕಿದ್ದರು. ಆಗ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದ, ನಮ್ಮ ಲೂಥರನ್ ಸಭೆಗಳಿಗೆ ಹೆಸರು ಕೊಟ್ಟ ಸುಧಾರಕ ಮಾರ್ಟಿನ್ ಲೂಥರ್, ಮಾರ್ಚ್‌ನಲ್ಲಿ ಊರಿಗೆ ವಾಪಸ್ ಬಂದು ಎಂಟು ದಿನ ಬಿಡದೆ ಪ್ರಸಂಗ ಮಾಡಿದರು. ಪ್ರತಿಮೆ ಇಡಲೇಬೇಕೆಂದಿಲ್ಲ, ಕಿತ್ತೆಸೆಯಲೇಬೇಕೆಂದೂ ಇಲ್ಲ, ಬಲವಂತ ಮಾತ್ರ ಬೇಡ ಎಂದರು. 1529ರ ಚಿಕ್ಕ ಕ್ಯಾಟಿಕಿಸಂನಲ್ಲಿ, ಅಂದರೆ ನಂಬಿಕೆಯನ್ನು ಪ್ರಶ್ನೋತ್ತರವಾಗಿ ಕಲಿಸುವ ಪುಟ್ಟ ಪುಸ್ತಕದಲ್ಲಿ, ಬೆಳಗ್ಗೆ ಎದ್ದ ಕೂಡಲೇ ಶಿಲುಬೆ ಗುರುತು ಹಾಕಿಕೊಳ್ಳಿ ಎಂದು ಬರೆದವರೂ ಅವರೇ. ಅದು ಕ್ಯಾಥೊಲಿಕರದ್ದು ಅಂದುಕೊಂಡು ನಮ್ಮಲ್ಲಿ ಎಷ್ಟೋ ಜನ ಬಿಟ್ಟೇಬಿಟ್ಟಿದ್ದೇವೆ. ನನಗೆ ಇದು ನಿಜಕ್ಕೂ ಬೇಸರ.

ಅದೇ ಪುಸ್ತಕದಲ್ಲಿ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ನೀರು ಬರೀ ನೀರಲ್ಲ, ದೇವರ ವಾಕ್ಯದ ಜೊತೆ ಸೇರಿದ ನೀರು ಎಂದಿದೆ. ವಾಕ್ಯ ಕಿವಿಗೆ ಬಿದ್ದು ಅಲ್ಲಿಗೇ ನಿಲ್ಲುವುದಿಲ್ಲ ಅಲ್ವಾ? ದೀಕ್ಷಾಸ್ನಾನದ ನೀರಿನಲ್ಲಿ, ಪ್ರಭುಭೋಜನದ ರೊಟ್ಟಿಯಲ್ಲಿ, ದ್ರಾಕ್ಷಾರಸದಲ್ಲಿ ಮೈಗೂ ಸಿಗುತ್ತದೆ. ಮೇಣದ ಬತ್ತಿ, ಬಟ್ಟೆಗೆ ಆ ಸ್ಥಾನ ಇಲ್ಲ, ಅವು ನೆನಪಿಗೆ. ಈ ವ್ಯತ್ಯಾಸ ಮಕ್ಕಳಿಗೆ ಖಂಡಿತ ಹೇಳಿ.

ಆದರೆ ಮೊದಲು ಮಾಡಿಸಿ, ಆಮೇಲೆ ಹೇಳಿ. ಜರ್ಮನಿಯ ಹ್ಯಾಂಬರ್ಗ್‌ನ ದೇವಶಾಸ್ತ್ರಜ್ಞ ವಿಖೆರ್ನ್ ಬಡ ಮಕ್ಕಳ ಮನೆಯೊಂದನ್ನು ನಡೆಸುತ್ತಿದ್ದರು. ಕ್ರಿಸ್ಮಸ್ ಯಾವಾಗ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. 1839ರಲ್ಲಿ ಅವರು ಒಂದು ಮರದ ಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. ವಾರದ ದಿನಕ್ಕೆ ಚಿಕ್ಕ ಕೆಂಪು ಬತ್ತಿ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹಚ್ಚುತ್ತಾ ಮಕ್ಕಳೇ ಲೆಕ್ಕ ಹಾಕಿದರು. ಕಾಯುವುದು ಅಂದರೆ ಏನು ಅಂತ ಪಾಠ ಬೇಕಾಗಲಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲವಾದ ಅಡ್ವೆಂಟ್‌ನಲ್ಲಿ ಇವತ್ತು ನಾವು ಹಚ್ಚುವ ನಾಲ್ಕು ಬತ್ತಿಯ ಹಾರಕ್ಕೆ ಆ ಚಕ್ರವೇ ಮೂಲ.

ಹೋದ ವರ್ಷ ನಮ್ಮ ಸಭೆಯಲ್ಲಿ ಮಕ್ಕಳನ್ನು ದೀಕ್ಷಾಸ್ನಾನದ ತೊಟ್ಟಿಯ ಸುತ್ತ ನಿಲ್ಲಿಸಿ, ನೀರಿಗೆ ಕೈ ಹಾಕಿ ಅಂದೆವು. ಒಬ್ಬ ಹುಡುಗಿ ಒದ್ದೆ ಬೆರಳನ್ನು ಹಣೆಗೆ ಒತ್ತಿಕೊಂಡು, "ನಂಗೂ ಇಲ್ಲೇ ಹಾಕಿದ್ರಾ?" ಅಂದಳು. ಹೌದು ಅಂದೆ. ಇನ್ನೊಂದು ಸಲ ಬೆರಳು ಅದ್ದಿದಳು. ನಾನು ಆ ದಿನಕ್ಕೆ ಬರೆದುಕೊಂಡು ಹೋಗಿದ್ದ ಎರಡು ಪುಟವನ್ನು ಜೇಬಿನಿಂದ ತೆಗೆಯಲೇ ಇಲ್ಲ.

ನೀವೂ ಹಾಗೇ ಮಾಡಿ. ಅಡ್ವೆಂಟ್ ಬಂದಾಗ ಹಸಿರು ಬಟ್ಟೆ ತೆಗೆದು ನೇರಳೆ ಹಾಸುವ ಕೆಲಸ ಮಕ್ಕಳಿಗೇ ಕೊಡಿ. ಯಾಕೆ ನೇರಳೆ ಅಂತ ಅವರೇ ಕೇಳುತ್ತಾರೆ, ಆಗ ಹೇಳಿದರಾಯಿತು. ಮಡಚಲು ನಾಲ್ವರನ್ನು ಕರೆಯಿರಿ, ಮೂಲೆಗೊಬ್ಬರಂತೆ.